ಫೋಟೊಕ್ಕೆ ಕೂಡ್ರುವ ಮುನ್ನ: ತಪ್ಪು ಕಲ್ಪನೆ ಮತ್ತು ವಾಸ್ತವ

ಮದುವೆಯ ಬಯೋಡಾಟಾ, ನೌಕರಿಯ ಅರ್ಜಿ, ನಿವೃತ್ತಿಯ ಸತ್ಕಾರ, ಜಾತ್ರೆಯ ಬ್ಯಾನರ್. ಒಂದಿಲ್ಲೊಂದು ಕಾರಣಕ್ಕೆ ಕಬ್ಬೂರಿನ ನಮಗೂ ಒಳ್ಳೆಯ ಫೋಟೊ ಬೇಕಾಗುತ್ತದೆ. ಕೈಯಲ್ಲಿ ಮೊಬೈಲಿದ್ದರೂ ಇಂಥ ಹೊತ್ತಿಗೆ ಸ್ಟುಡಿಯೊಕ್ಕೇ ಹೋಗುತ್ತೇವೆ. ಆದರೆ ಏನು ಉಡಬೇಕು, ಹೇಗೆ ಸಿದ್ಧವಾಗಬೇಕು ಎಂಬುದರಲ್ಲಿ ಮಾತ್ರ ಅವರಿವರು ಹೇಳಿದ್ದನ್ನೇ ನಂಬಿಕೊಂಡು ಬಂದಿದ್ದೇವೆ.

ತಪ್ಪು ಕಲ್ಪನೆ: ಬಿಳಿ ಅಂಗಿ ತೊಟ್ಟರೆ ಮುಖವೂ ಬೆಳ್ಳಗೆ ಬರುತ್ತದೆ.

ವಾಸ್ತವ: ಆಗುವುದು ಹಲವು ಸಲ ಇದರ ತಿರುವುಮುರುವು. ಕ್ಯಾಮೆರಾ ತಾನಾಗಿಯೇ ಬೆಳಕು ಅಳೆಯುವಾಗ ಎದುರಿನ ದೃಶ್ಯವನ್ನೆಲ್ಲ ನಡುಮಟ್ಟದ ಬೂದುಬಣ್ಣಕ್ಕೆ ತರಲು ನೋಡುತ್ತದೆ. ಬಿಳಿಯೇ ಹೆಚ್ಚಿದ್ದರೆ ಬೆಳಕು ಇಳಿಸುತ್ತದೆ. ಅಂಗಿ ಸರಿಹೋಗುತ್ತದೆ, ಮುಖ ಕಪ್ಪಿಡುತ್ತದೆ. ಅನುಭವವಿದ್ದ ಫೋಟೊಗ್ರಾಫರ್ ಇದನ್ನು ಸರಿಪಡಿಸಬಲ್ಲ. ಆದರೆ ಅರ್ಜಿಯ ಫೋಟೊಗಳಿಗೆ ಹಿನ್ನೆಲೆಯೇ ಬಿಳಿ. ಅಲ್ಲಿ ಬಿಳಿ ಅಂಗಿಯ ಹೆಗಲು ಗೋಡೆಯಲ್ಲಿ ಕರಗಿ, ತಲೆಯೊಂದೇ ಉಳಿದಂತೆ ಕಾಣುತ್ತದೆ. ಕಡುನೀಲಿ, ಕಂದು, ದಟ್ಟ ಹಸಿರು ಸುರಕ್ಷಿತ.

ತಪ್ಪು ಕಲ್ಪನೆ: ಪೌಡರ್ ದಪ್ಪಗೆ ಹಚ್ಚಿದರೆ ಕಳೆ ಬರುತ್ತದೆ, ಕಪ್ಪು ಮೈಬಣ್ಣ ಫೋಟೊಕ್ಕೆ ಒಗ್ಗುವುದಿಲ್ಲ.

ವಾಸ್ತವ: ಈ ನಂಬಿಕೆ ನಮ್ಮ ಹೆಣ್ಣುಮಕ್ಕಳನ್ನು ಎಷ್ಟು ನೋಯಿಸಿದೆ ಎಂಬುದು ವರ ಹುಡುಕುವ ಎಲ್ಲ ಮನೆಗಳಿಗೂ ಗೊತ್ತು. ಹಾಗಾಗಿ ತುಸು ವಿವರವಾಗಿಯೇ ಹೇಳಬೇಕು. ಹಳೆಯ ಕಲರ್ ಫೋಟೊಗಳಲ್ಲಿ ಕಪ್ಪು ಮುಖದ ವಿವರ ಮಸುಕಾಗುತ್ತಿದ್ದುದು ನಿಜ. ತಪ್ಪು ಮಾತ್ರ ಚರ್ಮದ್ದಲ್ಲ, ಫಿಲ್ಮಿನದು. ಕೊಡಾಕ್ ಕಂಪನಿ ಬಣ್ಣ ಹೊಂದಿಸಲು ದಶಕಗಳ ಕಾಲ ಪ್ರಯೋಗಾಲಯಗಳಿಗೆ ಕಳಿಸುತ್ತಿದ್ದ 'ಶರ್ಲಿ ಕಾರ್ಡ್'ಗಳಲ್ಲಿ ಇದ್ದವರು ಬಿಳಿಯ ಮಹಿಳೆಯರು. ಅವರ ಮೈಬಣ್ಣ ಸರಿ ಬಂದರೆ ಪ್ರಿಂಟ್ ಸರಿ ಎಂದು ಲೆಕ್ಕ. ಕಪ್ಪುಬಣ್ಣದ ಛಾಯೆಗಳನ್ನು ಹಿಡಿಯುವ ಫಿಲ್ಮಿಗೆ ಒತ್ತಾಯ ಬಂದದ್ದು ಚಾಕೊಲೇಟ್ ಮತ್ತು ಮರದ ಪೀಠೋಪಕರಣ ಮಾರುವವರಿಂದಲೂ! ಇಂದಿನ ಡಿಜಿಟಲ್ ಕ್ಯಾಮೆರಾಕ್ಕೆ ಒಳ್ಳೆಯ ಬೆಳಕು ಕೊಟ್ಟರೆ ಯಾವ ಮೈಬಣ್ಣವೂ ಚೆಂದ ಬರುತ್ತದೆ. ಪೌಡರ್ ಮಾತ್ರ ಕೈಕೊಡುತ್ತದೆ. ಕೆಲವು ಪೌಡರುಗಳಲ್ಲಿರುವ ಝಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಫ್ಲ್ಯಾಶಿನ ಬೆಳಕನ್ನು ತಿರುಗಿ ಎಸೆಯುತ್ತವೆ. ಮುಖ ಸುಣ್ಣ ಬಳಿದಂತಾಗಿ ಕುತ್ತಿಗೆ ಬೇರೆ ಬಣ್ಣ ಕಾಣುತ್ತದೆ. ಮುಖ ತೊಳೆದು, ಬೆವರು ಒರೆಸಿಕೊಂಡು ಕೂತರೆ ಸಾಕು.

ತಪ್ಪು ಕಲ್ಪನೆ: ಅದೇ ದಿನ ಬೆಳಗ್ಗೆ ಕಟಿಂಗ್ ಮಾಡಿಸಿ, ಕೂದಲಿಗೆ ಬಣ್ಣ ಹಚ್ಚಿಕೊಂಡು ಹೋಗಬೇಕು.

ವಾಸ್ತವ: ಕಬ್ಬಿನ ಗದ್ದೆಯಲ್ಲಿ, ತಂಬಾಕಿನ ಹೊಲದಲ್ಲಿ ದುಡಿಯುವವರ ಕಿವಿಯ ಸುತ್ತ, ಕುತ್ತಿಗೆಯ ಹಿಂದೆ ಕಟಿಂಗ್ ಆದೊಡನೆ ಬಿಸಿಲು ಕಾಣದ ಚರ್ಮ ಬೆಳ್ಳಗೆ ಹೊರಬೀಳುತ್ತದೆ. ನಾಲ್ಕೈದು ದಿನ ಮೊದಲೇ ಮಾಡಿಸಿಕೊಳ್ಳಿ. ಹೊಸ ಹೇರ್ ಡೈ ಕೆಲವರಿಗೆ ಒಗ್ಗದೆ ಮುಖ ಬಾಯುತ್ತದೆ. ಮೊದಲ ಪ್ರಯೋಗ ಫೋಟೊದ ಮುನ್ನಾದಿನ ಬೇಡ.

ತಪ್ಪು ಕಲ್ಪನೆ: ಸಣ್ಣ ಗೆರೆ, ಸಣ್ಣ ಚೌಕುಳಿಯ ಬಟ್ಟೆ ಫೋಟೊದಲ್ಲಿ ನಾಜೂಕಾಗಿ ಕಾಣುತ್ತದೆ.

ವಾಸ್ತವ: ಕ್ಯಾಮೆರಾದೊಳಗಿನ ಸೆನ್ಸರ್ ಕೂಡ ಚೌಕುಳಿಯೇ. ಎರಡರ ಗೆರೆಗಳು ಹತ್ತಿರ ಹತ್ತಿರ ಬಂದಾಗ ಬಟ್ಟೆಯ ಮೇಲೆ ಇಲ್ಲದ ಅಲೆಗಳು ಮೂಡುತ್ತವೆ. ಒಡಲು ಸಾದಾ ಇದ್ದು ಅಂಚು ದೊಡ್ಡದಿರುವ ಇಳಕಲ್ ಸೀರೆ ಉತ್ತಮ.

ತಪ್ಪು ಕಲ್ಪನೆ: ವಯಸ್ಸಾದವರ ಫೋಟೊ ತೆಗೆಸಿದರೆ ಆಯುಷ್ಯ ಕುಗ್ಗುತ್ತದೆ.

ವಾಸ್ತವ: ಈ ಭಯ ಹುಟ್ಟಿದ್ದಕ್ಕೂ ಕಾರಣವಿದೆ. ಫೋಟೊ ಅಪರೂಪವಾಗಿದ್ದ ಕಾಲದಲ್ಲಿ ಗೋಡೆಯ ಮೇಲಿದ್ದದ್ದು ತೀರಿಹೋದವರ, ಹಾರ ಹಾಕಿದ ಚಿತ್ರ. ಕೆಲವರದನ್ನು ಕೊನೆಗಾಲದಲ್ಲಿ ಅವಸರದಿಂದ ತೆಗೆಸಿದ್ದೂ ಉಂಟು. ಫೋಟೊ ಮತ್ತು ಸಾವು ಮನಸ್ಸಿನಲ್ಲಿ ಜೋಡಿಯಾದವು. ಆದರೆ ಕ್ಯಾಮೆರಾ ಹಿಡಿಯುವುದು ಮುಖದಿಂದ ಹೊರಟ ಬೆಳಕನ್ನು. ಕ್ಯಾಮೆರಾ ಇರಲಿ ಬಿಡಲಿ, ಆ ಬೆಳಕು ಹೋಗಿಯೇ ಹೋಗುತ್ತದೆ. ವ್ಯಕ್ತಿಯಿಂದ ಏನೂ ಕಳೆಯುವುದಿಲ್ಲ.

ಈ ಹೆದರಿಕೆಯಿಂದ ಆಗುವ ನಷ್ಟ ಮಾತ್ರ ದೊಡ್ಡದು. ಅಜ್ಜ ಹೋದ ಮೇಲೆ ಆಧಾರ್ ಕಾರ್ಡಿನ ಬೆರಳಗಲದ ಚಿತ್ರ ಹಿಡಿದು ಸ್ಟುಡಿಯೊಕ್ಕೆ ಓಡುತ್ತೇವೆ. ಅದನ್ನು ಹಿಗ್ಗಿಸಿದರೆ ಮಸುಕು. ಕಂಪ್ಯೂಟರಿನಲ್ಲಿ ಮುಖ ಕತ್ತರಿಸಿ ಯಾರದೋ ಕೋಟಿನ ಮೇಲೆ ಕೂರಿಸುತ್ತಾರೆ. ಜೀವಮಾನವಿಡೀ ಧೋತರ ಉಟ್ಟ ಮನುಷ್ಯ ಗೋಡೆಯ ಮೇಲೆ ಟೈ ಕಟ್ಟಿಕೊಂಡು ನಿಲ್ಲುತ್ತಾನೆ.

ತಪ್ಪು ಕಲ್ಪನೆ: ಕೋಟು ಹಾಕಿದರೇ ಘನತೆ, ಫೋಟೊಕ್ಕೆ ಪಟಗಾ ತೆಗೆಯಬೇಕು.

ವಾಸ್ತವ: ಸ್ಟುಡಿಯೊದ ಕೋಟು ಹೆಗಲಿಗೆ ಹೊಂದದಿದ್ದರೆ ಎರವಲು ತಂದದ್ದೆಂದು ತಕ್ಷಣ ತಿಳಿಯುತ್ತದೆ. ಪಟಗಾ ತೆಗೆದರಂತೂ ಬಿಸಿಲುಂಡ ಹಣೆ ಕೆಳಗೆ ಕಪ್ಪು, ಮೇಲೆ ಬಿಳಿ, ಎರಡು ಭಾಗವಾಗುತ್ತದೆ. ಪಟಗಾ ಇರಲಿ ಬಿಡಿ. ಇಸ್ತ್ರಿ ಮಾಡಿದ ನೆಹರೂ ಅಂಗಿ, ಧೋತರ, ಕಟ್ಟಿದ ಪಟಗಾ, ಹಣೆಗೆ ವಿಭೂತಿ. ಬೆಳಕು ಬದಿಯಿಂದ ಮೆಲ್ಲಗೆ ಬೀಳಲಿ. ಪಟಗಾದ ನೆರಳು ಕಣ್ಣಿನ ಮೇಲೆ ಬೀಳದಂತೆ ಫೋಟೊಗ್ರಾಫರ್‌ಗೆ ಮೊದಲೇ ಹೇಳಿ.