ಮನೆಮಂದಿಯ ಮೊಬೈಲ್ ಖರ್ಚು: ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಿಸುವ ಮುನ್ನ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಯಾವ ಊರಿಗೆ ಹೋದರೂ ಇಂದು ಒಂದು ಮನೆಯಲ್ಲಿ ನಾಲ್ಕೈದು ಮೊಬೈಲ್ ಸಂಖ್ಯೆಗಳಿರುವುದು ಸಾಮಾನ್ಯ ಸಂಗತಿ. ಯಜಮಾನರದೊಂದು, ಗೃಹಿಣಿಯದೊಂದು, ಮೈಸೂರಿನಲ್ಲಿ ಓದುತ್ತಿರುವ ಮಗಳದೊಂದು, ಅಜ್ಜಿಯ ಗುಂಡಿ ಒತ್ತುವ ಹಳೆಯ ಫೋನು ಒಂದು. ಇವುಗಳ ಜೊತೆಗೆ, ಗದ್ದೆಯ ಪಂಪ್‌ಸೆಟ್ಟನ್ನು ಮನೆಯಿಂದಲೇ ಚಾಲೂ ಮಾಡುವ ಸ್ಟಾರ್ಟರಿನೊಳಗೆ ಯಾರ ಕಣ್ಣಿಗೂ ಬೀಳದೆ ಕುಳಿತಿರುವ ಸಿಮ್ ಒಂದು. ಕನ್ನಡದಲ್ಲಿ ಮೊಬೈಲಿಗೆ ಜಂಗಮವಾಣಿ ಎಂಬ ಸೊಗಸಾದ ಹೆಸರಿದೆ. ನಮ್ಮ ಓದುಗ ಬಂಧುಗಳಿಗೆ ಆ ಪದ ತುಸು ಹೆಚ್ಚೇ ಆಪ್ತವಾಗಿ ಕೇಳಿಸೀತು. ಆದರೆ ಈ ಜಂಗಮಕ್ಕೆ ಸಲ್ಲಿಸುವ ಕಾಣಿಕೆ ವರ್ಷಕ್ಕೆ ಎಷ್ಟಾಗುತ್ತದೆಂದು ಲೆಕ್ಕ ಹಾಕಿದವರು ವಿರಳ.

ಹಾಲಿನ ಲೆಕ್ಕ, ಕರೆಂಟು ಬಿಲ್ಲು, ಮಕ್ಕಳ ಶುಲ್ಕ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುವ ಮನೆಗಳಲ್ಲಿಯೂ ರೀಚಾರ್ಜಿನ ಲೆಕ್ಕ ಬರೆದಿರುವುದಿಲ್ಲ. ಒಮ್ಮೆಗೆ ಹೋಗುವುದು ಮುನ್ನೂರು ರೂಪಾಯಿ. ಅದೂ ಒಬ್ಬೊಬ್ಬರದು ಒಂದೊಂದು ದಿನ. ಹೀಗೆ ಹನಿಹನಿಯಾಗಿ ಸೋರುವ ಹಣ ಗಮನಕ್ಕೆ ಬಾರದಿರುವುದು ಸಹಜವೇ.

ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು ೧೯೯೫ರ ಜುಲೈ ೩೧ರಂದು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಗಳಾಗಿದ್ದ ಜ್ಯೋತಿ ಬಸು ಅವರು ಕೇಂದ್ರ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿದರು. ಆಗ ಕರೆ ಮಾಡಿದವರಷ್ಟೇ ಅಲ್ಲ, ಕರೆ ಸ್ವೀಕರಿಸಿದವರೂ ಹಣ ತೆರಬೇಕಿತ್ತು. ೨೦೦೩ರಲ್ಲಿ ಒಳಬರುವ ಕರೆ ಉಚಿತವಾಯಿತು. ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಕೆಲವು ವರ್ಷಗಳ ಮಟ್ಟಿಗೆ ಎಲ್ಲವೂ ಅಗ್ಗ ಎನಿಸಿತು. ಬಳಿಕ ೨೦೧೯, ೨೦೨೧ ಮತ್ತು ೨೦೨೪ರಲ್ಲಿ ಖಾಸಗಿ ಕಂಪನಿಗಳು ದರಗಳನ್ನು ಏರಿಸುತ್ತ ಬಂದವು. ೨೦೨೪ರ ಜುಲೈ ತಿಂಗಳಲ್ಲಿ ಜಿಯೋ ಕಂಪನಿಯ ದಿನಕ್ಕೆ ೧.೫ ಜಿ.ಬಿ. ಇಂಟರ್ನೆಟ್ ಇರುವ ೨೮ ದಿನಗಳ ಯೋಜನೆ ೨೩೯ ರೂಪಾಯಿಗಳಿಂದ ೨೯೯ಕ್ಕೆ ಏರಿತು. ಏರ್‌ಟೆಲ್ ಕಂಪನಿಯ ದಿನಕ್ಕೆ ೧ ಜಿ.ಬಿ. ಯೋಜನೆ ೨೬೫ರಿಂದ ೨೯೯ಕ್ಕೆ ಹೋಯಿತು.

ಇಲ್ಲಿ ೨೮ ದಿನಗಳು ಎಂಬ ಮಾತನ್ನು ಗಮನಿಸಬೇಕು. ತಿಂಗಳಿಗೊಮ್ಮೆ ಕಟ್ಟುತ್ತಿದ್ದೇವೆ ಎಂದು ನಾವು ಭಾವಿಸಿರುತ್ತೇವೆ. ಆದರೆ ೨೮ನ್ನು ೧೩ರಿಂದ ಗುಣಿಸಿದರೆ ೩೬೪. ಅಂದರೆ ವರ್ಷಕ್ಕೆ ಹನ್ನೆರಡು ಸಲವಲ್ಲ, ಹದಿಮೂರು ಸಲ ಹಣ ಹೋಗುತ್ತದೆ. ಈ ಬಗ್ಗೆ ಗ್ರಾಹಕರ ದೂರುಗಳು ಹೆಚ್ಚಿದ್ದರಿಂದಲೇ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) ೨೦೨೨ರಲ್ಲಿ, ಪ್ರತಿ ಕಂಪನಿಯೂ ೩೦ ದಿನಗಳ ಒಂದು ಯೋಜನೆಯನ್ನೂ ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸಬಹುದಾದ ಇನ್ನೊಂದನ್ನೂ ಕೊಡಲೇಬೇಕೆಂದು ಆದೇಶಿಸಿತು. ಅಂಗಡಿಯಲ್ಲಿ ಕೇಳಿದವರಿಗೆ ಮಾತ್ರ ಅವು ಸಿಗುತ್ತವೆ ಎಂಬುದು ಬೇರೆ ಮಾತು.

ಐದು ಸಂಖ್ಯೆಗಳಿಗೂ ೨೯೯ ರೂಪಾಯಿಯ ರೀಚಾರ್ಜು ಮಾಡಿಸುವ ಮನೆಯೊಂದನ್ನು ಊಹಿಸಿಕೊಳ್ಳೋಣ. ಒಂದು ಸಂಖ್ಯೆಗೆ ವರ್ಷಕ್ಕೆ ೩,೮೮೭ ರೂಪಾಯಿ, ಐದಕ್ಕೆ ೧೯,೪೩೫. ಈಗ ಕೇಳಬೇಕಾದ ಮೊದಲ ಪ್ರಶ್ನೆ ಯಾವ ಕಂಪನಿ ಅಗ್ಗ ಎಂಬುದಲ್ಲ, ಯಾರಿಗೆ ಏನು ಬೇಕು ಎಂಬುದು. ಅಜ್ಜಿಯ ಫೋನಿನಲ್ಲಿ ಇಂಟರ್ನೆಟ್ ತೆರೆಯುವುದೇ ಇಲ್ಲ. ಕರೆ ಬಂದಾಗ ಮೋಟಾರು ಚಾಲೂ ಆಗುವ ಬಗೆಯ ಸ್ಟಾರ್ಟರಿಗೂ ಅದರ ಅಗತ್ಯವಿಲ್ಲ. ಹಾಗಿದ್ದೂ ಅವೆರಡಕ್ಕೂ ದಿನವೂ ಇಂಟರ್ನೆಟ್ಟಿನ ಬೆಲೆ ತೆರುತ್ತಿದ್ದೇವೆ.

ಇಂಥವರಿಗಾಗಿಯೇ ಟ್ರಾಯ್ ೨೦೨೪ರ ಡಿಸೆಂಬರಿನಲ್ಲಿ ನಿಯಮ ತಿದ್ದಿ, ಕರೆ ಮತ್ತು ಎಸ್.ಎಂ.ಎಸ್. ಮಾತ್ರ ಇರುವ ಯೋಜನೆಯನ್ನು ಕಂಪನಿಗಳು ನೀಡಬೇಕೆಂದು ವಿಧಿಸಿತು. ಅದರಂತೆ ೨೦೨೫ರ ಜನವರಿಯಲ್ಲಿ ಏರ್‌ಟೆಲ್ ೩೬೫ ದಿನಗಳಿಗೆ ೧,೮೪೯ ರೂಪಾಯಿಯ ಯೋಜನೆಯನ್ನೂ, ಜಿಯೋ ೩೩೬ ದಿನಗಳಿಗೆ ೧,೭೪೮ ರೂಪಾಯಿಯ ಯೋಜನೆಯನ್ನೂ ತಂದವು. ಆ ದರದಲ್ಲಿ ಲೆಕ್ಕ ಹಾಕಿದರೆ, ಏರ್‌ಟೆಲ್ಲಿನ ಯೋಜನೆಯಿಂದ ಒಂದು ಸಂಖ್ಯೆಗೆ ೨,೦೩೮ ರೂಪಾಯಿ, ಎರಡಕ್ಕೆ ೪,೦೭೬ ರೂಪಾಯಿ ಉಳಿತಾಯ. ದರಗಳು ಆಗಾಗ ಬದಲಾಗುವುದರಿಂದ ರೀಚಾರ್ಜಿನ ದಿನ ಇಂದಿನ ದರ ಕೇಳಿಯೇ ಮುಂದುವರಿಯುವುದು ಒಳಿತು.

ನಮಗೆ ಬೇಕಾದ ಯೋಜನೆ ಈಗಿರುವ ಕಂಪನಿಯಲ್ಲಿ ದುಬಾರಿಯಾದಾಗ ಮಾತ್ರ ಕಂಪನಿ ಬದಲಿಸುವ ವಿಚಾರ. ಸಂಖ್ಯೆ ಬದಲಾಗದಂತೆ ಕಂಪನಿ ಬದಲಿಸುವ ಹಕ್ಕು ನಮಗೆ ದೇಶದಾದ್ಯಂತ ೨೦೧೧ರ ಜನವರಿ ೨೦ರಿಂದ ದೊರೆತಿದೆ. ಬೇರೆ ರಾಜ್ಯಕ್ಕೆ ಹೋದರೂ ಅದೇ ಸಂಖ್ಯೆ ಉಳಿಸಿಕೊಳ್ಳುವ ಸೌಲಭ್ಯ ಬಂದದ್ದು ೨೦೧೫ರ ಜುಲೈನಲ್ಲಿ. ಬ್ಯಾಂಕು, ಆಧಾರ್, ಪಡಿತರ ಚೀಟಿ ಎಲ್ಲಕ್ಕೂ ಒಂದೇ ಸಂಖ್ಯೆ ಜೋಡಣೆಯಾಗಿರುವ ಈ ಕಾಲದಲ್ಲಿ ಇದು ಸಣ್ಣ ಅನುಕೂಲವಲ್ಲ.

ಅಗ್ಗವೆಂದು ಆತುರಪಟ್ಟವರ ಅನುಭವವೂ ನಮ್ಮ ಮುಂದಿದೆ. ೨೦೨೪ರ ಜುಲೈನಲ್ಲಿ ಖಾಸಗಿ ದರಗಳು ಏರಿದಾಗ ಬಿ.ಎಸ್.ಎನ್.ಎಲ್. ಏರಿಸಲಿಲ್ಲ. ಅದೊಂದೇ ತಿಂಗಳಲ್ಲಿ ಅದಕ್ಕೆ ದೇಶದಾದ್ಯಂತ ಸುಮಾರು ೨೯ ಲಕ್ಷ ಗ್ರಾಹಕರು ಹೆಚ್ಚಿದರು. ವರ್ಷ ಮುಗಿಯುವ ಹೊತ್ತಿಗೆ ಆ ಏರಿಕೆ ನಿಂತು ಇಳಿಕೆ ಕಂಡಿತು. ಅದರ ೪-ಜಿ ಜಾಲ ಆಗಿನ್ನೂ ಪೂರ್ತಿಯಾಗಿರಲಿಲ್ಲ. ಸ್ವದೇಶಿ ತಂತ್ರಜ್ಞಾನದ ಆ ಜಾಲಕ್ಕೆ ಪ್ರಧಾನಿಯವರು ಚಾಲನೆ ನೀಡಿದ್ದು ೨೦೨೫ರ ಸೆಪ್ಟೆಂಬರ್ ೨೭ರಂದು.

ಆದ್ದರಿಂದ ದರಪಟ್ಟಿಗಿಂತ ಮೊದಲು ನೋಡಬೇಕಾದದ್ದು ಸಿಗ್ನಲ್. ಶ್ರೀರಂಗಪಟ್ಟಣದ ಹೆದ್ದಾರಿ ಬದಿಯಲ್ಲಿ ಚೆನ್ನಾಗಿ ಸಿಗುವ ಕಂಪನಿ ನಾಗಮಂಗಲದ ಒಳಹಳ್ಳಿಯಲ್ಲಿ ಸಿಗಬೇಕೆಂದಿಲ್ಲ. ಮೇಲುಕೋಟೆಯಂಥ ಬೆಟ್ಟದ ಊರುಗಳಲ್ಲಿ ಒಂದು ಮಗ್ಗುಲಲ್ಲಿ ಸಿಕ್ಕಿದ್ದು ಇನ್ನೊಂದು ಮಗ್ಗುಲಲ್ಲಿ ಮಾಯವಾಗಬಹುದು. ಕಂಪನಿಗಳು ತಮ್ಮ ಜಾಲತಾಣದಲ್ಲಿ ವ್ಯಾಪ್ತಿಯ ನಕ್ಷೆ ಪ್ರಕಟಿಸಬೇಕೆಂಬ ನಿಯಮವೇನೋ ಇದೆ. ಆದರೂ ನೆರೆಮನೆಯವರ ಫೋನನ್ನು ಅರ್ಧ ಗಂಟೆ ಎರವಲು ಪಡೆದು ಅಡಿಗೆಮನೆ, ಹಿತ್ತಿಲು, ಗದ್ದೆಯ ಬದು ಇಲ್ಲೆಲ್ಲ ಮಾತನಾಡಿ ನೋಡುವುದು ಆ ನಕ್ಷೆಗಿಂತ ನಂಬಿಕೆಗೆ ಅರ್ಹ.

ಅಜ್ಜಿಯ ಫೋನು, ಪಂಪ್‌ಸೆಟ್ಟಿನ ಸ್ಟಾರ್ಟರು ಇವುಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ ಅಗತ್ಯ. ಹಳೆಯ ಗುಂಡಿ ಫೋನುಗಳೂ ಅನೇಕ ಸ್ಟಾರ್ಟರುಗಳೂ ೨-ಜಿ ಜಾಲದಲ್ಲಿ ಮಾತ್ರ ಕೆಲಸ ಮಾಡುವಂಥವು. ಜಿಯೋ ಕಂಪನಿಗೆ ೨-ಜಿ ಜಾಲವೇ ಇಲ್ಲ. ಇದನ್ನು ತಿಳಿಯದೆ ಮನೆಯ ಎಲ್ಲ ಸಿಮ್‌ಗಳನ್ನೂ ಒಟ್ಟಿಗೆ ಅಲ್ಲಿಗೆ ಬದಲಿಸಿದರೆ ಮೋಟಾರು ಓಗೊಡುವುದಿಲ್ಲ, ಅಜ್ಜಿಯ ಫೋನೂ ಮೂಕವಾಗುತ್ತದೆ. ಆಗ ಉಳಿದ ಹಣಕ್ಕಿಂತ ಹೊಸ ಉಪಕರಣದ ಬೆಲೆಯೇ ಹೆಚ್ಚಾದೀತು.

ಬದಲಾಯಿಸುವ ಕ್ರಮ ಸರಳವಾಗಿದೆ. ಫೋನಿನಿಂದ ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು, ತಮ್ಮ ಸಂಖ್ಯೆಯನ್ನು ಸೇರಿಸಿ ೧೯೦೦ಕ್ಕೆ ಎಸ್.ಎಂ.ಎಸ್. ಕಳುಹಿಸಬೇಕು. ಎಂಟು ಅಕ್ಷರ-ಅಂಕಿಗಳ ಒಂದು ಸಂಕೇತ ಬರುತ್ತದೆ. ಕರ್ನಾಟಕದಲ್ಲಿ ಅದಕ್ಕೆ ನಾಲ್ಕು ದಿನಗಳ ಆಯುಷ್ಯ. ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಗೆ ಆಧಾರ್ ಸಹಿತ ಹೋಗಿ ಅರ್ಜಿ ಸಲ್ಲಿಸಬೇಕು. ರಾಜ್ಯದೊಳಗಿನ ಬದಲಾವಣೆ ಮೂರು ಕೆಲಸದ ದಿನಗಳಲ್ಲಿ ಮುಗಿಯಬೇಕೆಂಬುದು ನಿಯಮ. ಈಗಿನ ಕಂಪನಿಯಲ್ಲಿ ಕನಿಷ್ಠ ೯೦ ದಿನ ಪೂರೈಸಿರಬೇಕು, ಪೋಸ್ಟ್‌ಪೇಯ್ಡ್ ಆದರೆ ಬಾಕಿ ಇರಬಾರದು. ಹಳೆಯ ಸಿಮ್ಮಿನಲ್ಲಿ ಉಳಿದ ಹಣವಾಗಲಿ ದಿನಗಳಾಗಲಿ ಹೊಸ ಕಂಪನಿಗೆ ಬರುವುದಿಲ್ಲವಾದ್ದರಿಂದ, ರೀಚಾರ್ಜು ಮುಗಿಯಲು ವಾರವಿರುವಾಗ ಹೊರಡುವುದು ಜಾಣತನ. ಬದಲಾವಣೆಯ ಹೊತ್ತಿನಲ್ಲಿ ಕೆಲ ಗಂಟೆ ಫೋನು ನಿಲ್ಲುವುದುಂಟು, ಆ ದಿನ ಬ್ಯಾಂಕಿನ ತುರ್ತು ಕೆಲಸ ಇಟ್ಟುಕೊಳ್ಳಬಾರದು. ಮುಖ್ಯವಾಗಿ, ಆ ಎಂಟಕ್ಷರದ ಸಂಕೇತವನ್ನು ಫೋನ್ ಮಾಡಿ ಕೇಳುವ ಯಾರಿಗೂ ಹೇಳಕೂಡದು.

ಮನೆಮಂದಿಗೆಲ್ಲ ಸೇರಿ ಒಂದೇ ಬಿಲ್ಲು ಬರುವ ಕೌಟುಂಬಿಕ ಪೋಸ್ಟ್‌ಪೇಯ್ಡ್ ಯೋಜನೆಗಳೂ ಇವೆ. ಪಟ್ಟಣದಲ್ಲಿ ದುಡಿಯುವ ಮಕ್ಕಳು ಇದನ್ನು ಹೆಚ್ಚಾಗಿ ಸೂಚಿಸುತ್ತಾರೆ. ಪ್ರೀಪೇಯ್ಡ್ ದರದಲ್ಲಿ ತೆರಿಗೆ ಸೇರಿರುತ್ತದೆ, ಪೋಸ್ಟ್‌ಪೇಯ್ಡ್ ದರದ ಮೇಲೆ ಶೇಕಡಾ ೧೮ ಜಿ.ಎಸ್.ಟಿ. ಬೇರೆ ಬೀಳುತ್ತದೆ. ಏರ್‌ಟೆಲ್ ೨೦೨೪ರಲ್ಲಿ ೬೯೯ಕ್ಕೆ ಏರಿಸಿದ ಎರಡು ಸಂಖ್ಯೆಗಳ ಕೌಟುಂಬಿಕ ಯೋಜನೆಗೆ ತೆರಿಗೆ ಸೇರಿಸಿದರೆ ತಿಂಗಳಿಗೆ ಸುಮಾರು ೮೨೫ ರೂಪಾಯಿ. ಮಿತವಾಗಿ ಬಳಸುವ ಹಳ್ಳಿಯ ಮನೆಗೆ ಇದು ಲಾಭವೆಂದು ನನಗೆ ತೋರುವುದಿಲ್ಲ.

ಕೊನೆಯದಾಗಿ ಹೆಸರಿನ ವಿಷಯ. ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಅರ್ಜಿ ಸಲ್ಲಿಸಬೇಕು. ಎಷ್ಟೋ ಮನೆಗಳಲ್ಲಿ ಸೊಸೆಯ ಸಿಮ್ ಮಾವನವರ ಹೆಸರಿನಲ್ಲಿ, ತಾಯಿಯದು ಮಗನ ಹೆಸರಿನಲ್ಲಿ ಇರುವುದುಂಟು. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ತಮ್ಮ ಹೆಸರಿನಲ್ಲಿ ಎಷ್ಟು ಸಂಖ್ಯೆಗಳಿವೆಯೆಂದು ಉಚಿತವಾಗಿ ನೋಡಬಹುದು. ತೀರಿಕೊಂಡ ಹಿರಿಯರ ಹೆಸರಿನಲ್ಲಿಯೇ ಸಿಮ್ ಉಳಿದಿದ್ದರೆ, ಮರಣ ಪ್ರಮಾಣಪತ್ರದೊಡನೆ ಈಗಿರುವ ಕಂಪನಿಯ ಕಚೇರಿಗೆ ಹೋಗಿ ಮೊದಲು ಮನೆಯವರ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಕಂಪನಿ ಬದಲಿಸುವ ಕೆಲಸ ಆ ಬಳಿಕದ್ದು.