ದ್ವೀಪಕ್ಕೊಂದು ಮಡಚು ಚೂರಿ

ಹಡಗಿನ ಲೈಫ್‌ರಾಫ್ಟಿನಲ್ಲಿ ಬರೀ ಮಡಚುವ ಚೂರಿ ಇಟ್ಟು ಕೈತೊಳೆದುಕೊಳ್ಳುವ ಹಾಗಿಲ್ಲ. ಜೀವರಕ್ಷಕ ಸಲಕರಣೆಗಳಿಗೆಂದೇ ಅಂತಾರಾಷ್ಟ್ರೀಯ ನಿಯಮಾವಳಿಯೊಂದಿದೆ, 1998ರ ಜುಲೈಯಿಂದ ಜಾರಿಯಲ್ಲಿದೆ. ಅದರ ಪ್ರಕಾರ ರಾಫ್ಟಿನ ಚೂರಿ ಮಡಚದಂಥದ್ದಾಗಿರಬೇಕು, ಅದರ ಹಿಡಿ ನೀರಲ್ಲಿ ತೇಲಬೇಕು, ಚೂರಿಗೊಂದು ದಾರ ಕಟ್ಟಿರಬೇಕು, ರಾಫ್ಟನ್ನು ಹಡಗಿಗೆ ಬಿಗಿದ ಹಗ್ಗದ ಹತ್ತಿರವೇ ಹೊರಗಡೆಯ ಜೇಬಿನಲ್ಲಿ ಅದು ಕೈಗೆ ಸಿಗಬೇಕು. 13 ಜನ ಅಥವಾ ಅದಕ್ಕಿಂತ ಹೆಚ್ಚು ಜನ ಹಿಡಿಸುವ ರಾಫ್ಟಾದರೆ ಇನ್ನೊಂದು ಚೂರಿ ಇಡಬೇಕು, ಅದು ಮಡಚುವಂಥದ್ದಾದರೂ ಅಡ್ಡಿಯಿಲ್ಲ. ನಿಯಮ ಬರೆದವರು ಕಡಲು ಕಂಡವರೇ ಇರಬೇಕು. ಮುಳುಗುತ್ತಿರುವ ಹಡಗಿನಿಂದ ಹಗ್ಗ ಕಡಿದುಕೊಳ್ಳಬೇಕಾದ ಹೊತ್ತಿನಲ್ಲಿ, ಚಳಿಗೆ ಮರಗಟ್ಟಿದ ಬೆರಳಿನ ಉಗುರು ಸಿಕ್ಕಿಸಿ ಅಲಗು ಬಿಡಿಸುತ್ತ ಕೂರಲಾಗುವುದಿಲ್ಲ.

ಲೈಫ್‌ಬೋಟಿನ ಪಟ್ಟಿ ಬೇರೆ. ಅದರಲ್ಲಿ ಎರಡು ಕೈಗೊಡಲಿ, ಡಬ್ಬಿ ತೆರೆಯುವ ಮೂರು ಸಾಧನ, ದೋಣಿಗೇ ದಾರದಿಂದ ಕಟ್ಟಿಟ್ಟ ಒಂದು ಮಡಚು ಚೂರಿ ಇರಬೇಕು. ನಾನು ಥರ್ಡ್ ಆಫೀಸರ್ ಆಗಿದ್ದಾಗ ಈ ಸಾಮಾನುಗಳನ್ನು ಎಣಿಸಿ ಬರೆದಿಡುವುದು ನನ್ನ ಪಾಲಿನ ಕೆಲಸ. ಒಂದು ಹಡಗಿನಲ್ಲಿ ಆ ಚೂರಿ ಕ್ಯಾನ್ವಾಸ್ ಚೀಲದಲ್ಲಿ ಭದ್ರವಾಗಿತ್ತು, ಪಟ್ಟಿಯಲ್ಲಿ ಪ್ರತಿ ತಿಂಗಳೂ ಟಿಕ್ ಬಿದ್ದಿತ್ತು. ಹೊರತೆಗೆದು ನೋಡಿದರೆ ಕೀಲಿನ ಸುತ್ತ ಬಿಳಿ ಉಪ್ಪು ಕಟ್ಟಿದೆ, ಉಗುರು ಹಾಕುವ ಗೀರಿನ ತುಂಬ ಕಂದು ಪುಡಿ. ಬೋಸನ್ ಇಕ್ಕಳದಲ್ಲಿ ಹಿಡಿದೆಳೆದರೂ ಬರಲಿಲ್ಲ. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಹಾಕಿದ ಮೇಲೆ ಅಲಗು ಬಿಟ್ಟುಕೊಂಡಿತು. ಕಾಗದದ ಮೇಲೆ ಚೂರಿ ಇತ್ತು, ದೋಣಿಯಲ್ಲಿ ಇದ್ದದ್ದು ಒಂದು ಕಬ್ಬಿಣದ ತುಂಡು.

ಕುಂದಾಪುರಕ್ಕೆ ಬಂದು ನೆಲೆನಿಂತ ಮೇಲೂ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಟಿವಿಯಲ್ಲಿ ಕಾಡು, ದ್ವೀಪ ಅಲೆಯುವವರ ಕಾರ್ಯಕ್ರಮ ನೋಡುವ ಹುಡುಗರು ಫೋನ್ ಹಿಡಿದುಕೊಂಡು ಬರುತ್ತಾರೆ. ತಂಗಿಯ ಮಗ ಮೊನ್ನೆ ಅಲಗಿನ ತುಂಬ ಅಲೆಅಲೆ ಚಿತ್ತಾರವಿದ್ದ, ಗುಂಡಿ ಒತ್ತಿದರೆ ಚಟ್ಟನೆ ತಾನೇ ಬಿಚ್ಚಿಕೊಳ್ಳುವ ಚೂರಿಯೊಂದನ್ನು ತೋರಿಸಿ, "ಇದ್ ಹ್ಯಾಂಗಿತ್ತ್ ಮಾವ?" ಅಂದ. "ಕಿತ್ತಳೆ ಸುಲಿಯೂಕೆ ಅಡ್ಡಿಲ್ಲ" ಅಂದೆ. ಒಳಗೊಂದು ಸ್ಪ್ರಿಂಗ್, ಅದರ ದಾರಿಯಲ್ಲಿ ನಾಲ್ಕು ಕಾಳು ಮರಳು ಹೊಕ್ಕರೆ ಗುಂಡಿಯ ಕಥೆ ಮುಗಿಯಿತು. ದ್ವೀಪದಲ್ಲಿ ಮರಳಿಗೇನು ಬರ?

ಹಾಗಾದರೆ ಮಡಚು ಚೂರಿಯೇ ಯಾಕೆ? ಹಿಡಿಗೆ ಗಟ್ಟಿಯಾಗಿ ಕೂತ ಇಡೀ ಅಲಗಿನ ಚೂರಿ ಎಲ್ಲ ರೀತಿಯಿಂದಲೂ ಮೇಲು, ಅದರಲ್ಲಿ ವಾದವಿಲ್ಲ. ಆದರೆ ಅದು ಕ್ಯಾಬಿನ್ನಿನ ಮೊಳೆಗೆ ನೇತಾಡುತ್ತಿರುತ್ತದೆ. ನೀರಿಗೆ ಬಿದ್ದಾಗ ನಮ್ಮ ಜೊತೆ ಬೀಳುವುದು ಜೇಬಿನಲ್ಲಿದ್ದದ್ದು ಮಾತ್ರ. 1719ರಲ್ಲಿ ಡೀಫೊ ಬರೆದ ಕ್ರೂಸೊ ದಡಕ್ಕೆ ಬಿದ್ದಾಗ ಅವನ ಮೈಮೇಲಿದ್ದ ವಸ್ತುಗಳೂ ಅಂಥವೇ: ಒಂದು ಚೂರಿ, ಒಂದು ಚಿಲುಮೆ, ಒಂದಿಷ್ಟು ಹೊಗೆಸೊಪ್ಪು. ಆದ್ದರಿಂದ ಜೇಬಿಗೆ ಭಾರವಾಗದ, ದಿನಾ ಹಾಕಿಕೊಳ್ಳಲು ಬೇಸರ ಬಾರದ ಚೂರಿಯನ್ನೇ ಆರಿಸಬೇಕು. ಅಲಗು ಎಂಟು ಸೆಂಟಿಮೀಟರ್ ಆಸುಪಾಸು ಇದ್ದರೆ ಸಾಕು.

ಮೊದಲು ನೋಡಬೇಕಾದದ್ದು ಬೀಗ. ಸಾದಾ ಪೇನಾಕತ್ತಿಗೆ ಬೀಗವೇ ಇಲ್ಲ, ಬೆನ್ನಿನ ಸ್ಪ್ರಿಂಗ್ ಅಲಗನ್ನು ಒತ್ತಿ ಹಿಡಿದಿರುತ್ತದೆ ಅಷ್ಟೆ. ಹಣ್ಣು ಕೊಯ್ಯುವಾಗ ಬಲ ಬಾಯಿಯ ಕಡೆಗೆ ಬೀಳುವುದರಿಂದ ತೊಂದರೆಯಿಲ್ಲ. ಮರಕ್ಕೆ ತೂತು ಕೊರೆಯುವಾಗ ಮೊನೆಯ ಮೇಲೆ ಬಲ ಬಿದ್ದು ಅಲಗು ಮಡಚಿಕೊಂಡರೆ ಕೆಳಗಿರುವುದು ನಮ್ಮದೇ ಬೆರಳು. ಆಸ್ಪತ್ರೆ ಇಲ್ಲದ ಜಾಗದಲ್ಲಿ ಬೆರಳಿನ ಗಾಯ ಕೀವು ಕಟ್ಟಿದರೆ ಹಸಿವಿಗಿಂತ ಮೊದಲು ಅದೇ ಕೊಂದೀತು. ಅಮೆರಿಕದ ಬಕ್ 110 ಚೂರಿ 1960ರ ದಶಕದಲ್ಲಿ ಬೆನ್ನಿನ ಬೀಗವನ್ನು ಮನೆಮಾತು ಮಾಡಿತು. ಗಟ್ಟಿಯೇನೋ ಹೌದು, ಆದರೆ ಹಿತ್ತಾಳೆ ಸೇರಿ ಜೇಬಿಗೆ ಭಾರ, ಬೀಗದ ಸಂದಿಯಲ್ಲಿ ಕಸ ಕೂತರೆ ಕಚ್ಚುವುದಿಲ್ಲ. ಫ್ರಾನ್ಸಿನ ಒಪಿನೆಲ್ ಹುಟ್ಟಿದ್ದು 1890ರಲ್ಲಿ, ಅದಕ್ಕೆ ತಿರುಗಿಸುವ ಉಂಗುರದ ಬೀಗ ಬಂದದ್ದು 1955ರಲ್ಲಿ. ಅಷ್ಟು ಸರಳವಾದ ಬೀಗ ಬೇರೆ ಇಲ್ಲ, ಕಣ್ಣೆದುರೇ ಇರುತ್ತದೆ, ತೊಳೆದರೆ ಸ್ವಚ್ಛ. ಅದರ ತೊಂದರೆ ಮರದ ಹಿಡಿ. ನೀರು ಕುಡಿದು ಉಬ್ಬಿದರೆ ಅಲಗನ್ನು ಹೊರಬಿಡುವುದಿಲ್ಲ.

ಇನ್ನು ಉಕ್ಕು. ಕಾರ್ಬನ್ ಉಕ್ಕು ಬೇಗ ಹರಿತವಾಗುತ್ತದೆ, ಆದರೆ ಉಪ್ಪುಗಾಳಿಗೆ ಒಂದು ರಾತ್ರಿಯಲ್ಲೇ ಕೆಂಪಾಗುತ್ತದೆ. ದ್ವೀಪದವರಿಗೆಂದೇ 1929ರಲ್ಲಿ ಫ್ರಾನ್ಸಿನ ತಿಯೇರ್ ಊರಿನಲ್ಲಿ ಮಾಡಿದ ಡುಕ್-ಡುಕ್ ಎಂಬ ಮಡಚು ಚೂರಿಯಿದೆ, ಪೆಸಿಫಿಕ್ ದ್ವೀಪಗಳಲ್ಲಿ ಮಾರಲು ಮಾಡಿದ್ದು. ನೋಡಲು ಬಲು ಚಂದ, ಅದರದ್ದೂ ಕಾರ್ಬನ್ ಉಕ್ಕೇ. ಸ್ಟೇನ್‌ಲೆಸ್ ಅಂದರೆ ತುಕ್ಕೇ ಇಲ್ಲ ಎಂದು ನಂಬುವವರು ಮೀನು ದೋಣಿಯಲ್ಲಿ ಒಂದು ವಾರ ಕಳೆದು ಬರಲಿ. ಕಡಲ ಉಪ್ಪು ಅದನ್ನೂ ಸಣ್ಣ ಸಣ್ಣ ಚುಕ್ಕೆಯಾಗಿ ಕೊರೆಯುತ್ತದೆ, ನಿಧಾನವಾಗಿ ಅಷ್ಟೆ. ಇತ್ತೀಚೆಗೆ ಇಂಗಾಲ ಕಡಿಮೆ ಮಾಡಿ, ಸಾರಜನಕ ಸೇರಿಸಿ ಮಾಡಿದ ಎಚ್-1ನಂಥ ಉಕ್ಕು ಬಂದಿದೆ. ಸ್ಪೈಡರ್ಕೋದವರು ಅದರಲ್ಲಿ 'ಸಾಲ್ಟ್' ಎಂಬ ಸಾಲನ್ನೇ ಮಾಡಿದರು. ಉಪ್ಪುನೀರಿಗೆ ಅದು ಜಗ್ಗುವುದಿಲ್ಲ, ಬೆಲೆಗೆ ನಾವು ಜಗ್ಗುತ್ತೇವೆ.

ಆದರೆ ಚೂರಿ ಮಾರುವವರು ಯಾರೂ ಕೇಳದ ಪ್ರಶ್ನೆಯೊಂದಿದೆ: ದ್ವೀಪದ ಕಲ್ಲು ಯಾವುದು?

ಅಲೆಕ್ಸಾಂಡರ್ ಸೆಲ್ಕರ್ಕ್ ಎಂಬ ಸ್ಕಾಟಿಷ್ ನಾವಿಕನನ್ನು 1704ರಲ್ಲಿ ಚಿಲಿಯ ಪಶ್ಚಿಮಕ್ಕಿರುವ ಹ್ವಾನ್ ಫರ್ನಾಂಡೆಜ್ ದ್ವೀಪದಲ್ಲಿ ಇಳಿಸಿ ಹೋದರು. ಕೋವಿ, ಕೈಗೊಡಲಿ, ಚೂರಿ, ಒಂದು ಪಾತ್ರೆ, ಬೈಬಲ್ಲು ಅವನ ಆಸ್ತಿ. ನಾಲ್ಕು ವರ್ಷ ನಾಲ್ಕು ತಿಂಗಳ ಮೇಲೆ, 1709ರ ಫೆಬ್ರವರಿಯಲ್ಲಿ, ಅವನನ್ನು ಕರೆದೊಯ್ದ ಕ್ಯಾಪ್ಟನ್ ವುಡ್ಸ್ ರಾಜರ್ಸ್ ಎಲ್ಲವನ್ನೂ ಬರೆದಿಟ್ಟಿದ್ದಾನೆ. ಚೂರಿ ಸವೆದು ಬೆನ್ನಿಗೆ ಬಂದಾಗ ಸೆಲ್ಕರ್ಕ್ ದಡದಲ್ಲಿ ಬಿದ್ದಿದ್ದ ಪೀಪಾಯಿಯ ಕಬ್ಬಿಣದ ಪಟ್ಟಿಯನ್ನು ಬಡಿದು ತೆಳ್ಳಗೆ ಮಾಡಿ, ಕಲ್ಲಿನ ಮೇಲೆ ಮಸೆದು ಹೊಸ ಚೂರಿ ಮಾಡಿಕೊಂಡನಂತೆ. ಅದು ಜ್ವಾಲಾಮುಖಿಯಿಂದ ಎದ್ದ ದ್ವೀಪ, ಅಲ್ಲಿನ ಕಲ್ಲು ಗಡಸು. ಅದಕ್ಕೇ ಅವನ ಕೆಲಸ ನಡೆಯಿತು. ನಮ್ಮ ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪದ್ದೂ ಜ್ವಾಲಾಮುಖಿ ಶಿಲೆಯೇ, ಅಲ್ಲೂ ಮಸೆಯಬಹುದು.

ಲಕ್ಷದ್ವೀಪದಲ್ಲಿ ಹಾಗಲ್ಲ. ಅದರ ಉತ್ತರದ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ಕೊಬ್ಬರಿ, ಹುರಿಹಗ್ಗ ಇಳಿಯುತ್ತಿದ್ದದ್ದು ಮಂಗಳೂರು ಬಂದರಿನಲ್ಲಿ. ಅವೆಲ್ಲ ಹವಳದ ದ್ವೀಪ, ನೆಲವಿಡೀ ಸುಣ್ಣದ ಅಂಶ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದು ಮೂರರಿಂದ ನಾಲ್ಕು, ಚೂರಿಯ ಉಕ್ಕು ಐದೂವರೆಗೂ ಮೇಲೆ. ಹವಳದ ಕಲ್ಲಿಗೆ ಎಷ್ಟು ಉಜ್ಜಿದರೂ ಸವೆಯುವುದು ಕಲ್ಲು, ಅಲಗಲ್ಲ. ಅಂಥ ಕಡೆ ತೇಲಿ ಬಂದ ನೊರೆಗಲ್ಲು ಸಿಕ್ಕರೆ ಪುಣ್ಯ. ಇಲ್ಲದಿದ್ದರೆ ಅಲೆ ತಂದು ಹಾಕಿದ ಪಿಂಗಾಣಿ ಬಟ್ಟಲು ಹುಡುಕಿ. ಅದರ ತಳದಲ್ಲಿ ಹೊಳಪು ಹಚ್ಚದ ಒರಟು ಬಳೆ ಇರುತ್ತದಲ್ಲ, ಅದು ಒಳ್ಳೆಯ ಸಾಣೆ. ಬಟ್ಟಲು ಕವುಚಿ ಹಾಕಿ, ಅಲಗನ್ನು ತುಸುವೇ ಎತ್ತಿ, ಬಾಯಿ ಮುಂದಾಗಿ ಎಳೆಯಿರಿ. ಬಳೆಯ ಮೇಲೆ ಬೂದುಬಣ್ಣದ ಗೆರೆ ಮೂಡಿದರೆ ಉಕ್ಕು ಸವೆಯುತ್ತಿದೆ ಎಂದರ್ಥ. ಕೊನೆಗೆ ಚರ್ಮದ ಬೆಲ್ಟಿನ ಮೇಲೆ ಹಿಮ್ಮುಖವಾಗಿ ನಾಲ್ಕು ಸಲ.

ಹಾಗಾಗಿ ದುಬಾರಿ ಪುಡಿ-ಉಕ್ಕಿನ ಗಡಸು ಅಲಗು ದ್ವೀಪಕ್ಕೆ ನನಗೆ ಬೇಡ. ಅವು ಬಹುಕಾಲ ಹರಿತ ಉಳಿಸಿಕೊಳ್ಳುತ್ತವೆ, ಒಮ್ಮೆ ಮೊಂಡಾದರೆ ವಜ್ರದ ಪುಡಿ ಲೇಪಿಸಿದ ಸಾಣೆಯನ್ನೇ ಕೇಳುತ್ತವೆ. ನನ್ನ ಮತ ಬೀಗವಿರುವ, ಗರಗಸವಿರುವ ಸ್ವಿಸ್ ಚೂರಿಗೆ. ವಿಕ್ಟೋರಿನಾಕ್ಸಿನ 111 ಮಿಲಿಮೀಟರ್ ಅಳತೆಯವುಗಳಲ್ಲಿ ಈ ಎರಡೂ ಸಿಗುತ್ತವೆ. ಅದರ ಉಕ್ಕು ಮೆತ್ತಗಿನದು ಎಂದು ಚೂರಿ ಹುಚ್ಚಿನವರು ಮೂಗು ಮುರಿಯುತ್ತಾರೆ. ನನಗೆ ಬೇಕಾದದ್ದೇ ಆ ಮೆತ್ತಗಿನ ಗುಣ, ಬಟ್ಟಲಿನ ತಳಕ್ಕೆ ಉಜ್ಜಿದರೂ ಹದಕ್ಕೆ ಬರುತ್ತದೆ. ಗರಗಸವಿದ್ದರೆ ಅಲಗನ್ನು ಮರಕ್ಕಿಟ್ಟು ಬೆನ್ನಿಗೆ ದೊಣ್ಣೆಯಲ್ಲಿ ಬಡಿಯುವ ಹುಚ್ಚಾಟವೂ ತಪ್ಪುತ್ತದೆ. ಕೀಲು ಸಡಿಲವಾಗಿ ಮಡಚು ಚೂರಿಗಳು ಸಾಯುವುದು ಬಹುತೇಕ ಅಲ್ಲೇ. ಚಿಪ್ಪು ಮೀಟಲು ಹೋದರೆ ಮೊನೆ ಮುರಿಯುತ್ತದೆ, ಅದಕ್ಕೆ ಕಲ್ಲು ಸಾಕು.

ತೆಂಗಿನಕಾಯಿ ಸುಲಿಯಲೂ ಚೂರಿಯ ಹಂಗು ಬೇಡ. ಕರಾವಳಿಯಲ್ಲಿ ಇದನ್ನು ಹೇಳಿಕೊಡಬೇಕಾಗಿಲ್ಲ. ಗಟ್ಟಿ ಕೊಂಬೆಯೊಂದನ್ನು ಗರಗಸದಲ್ಲಿ ಕುಯ್ದು, ಚೂರಿಯಲ್ಲಿ ಮೊನೆ ಮಾಡಿ, ನೆಲಕ್ಕೆ ಹೂತು, ಕಾಯಿಯನ್ನು ಅದಕ್ಕೆ ಕುತ್ತಿ ತಿರುಚಿದರೆ ಸಿಪ್ಪೆ ಬಿಡುತ್ತದೆ. ಚೂರಿ ಗೂಟ ಮಾಡಿತು, ಉಳಿದದ್ದು ಗೂಟದ ಪಾಡು. ನೆಲ ಅಗೆಯುವ ಕೋಲು, ಮೀನಿನ ಈಟಿ, ಗುಡಿಸಲ ಗಳ, ಎಲ್ಲ ಹಾಗೆಯೇ.

ಕೊಳ್ಳುವಾಗ ದಾರ ಕಟ್ಟಲು ತೂತಿದೆಯೇ ನೋಡಿ. ಹಿಡಿ ಕೆಂಪೋ ಹಳದಿಯೋ ಇರಲಿ, ಕಪ್ಪು ಬೇಡ, ಒಣಗಿದ ತೆಂಗಿನ ಗರಿಗಳ ನಡುವೆ ಬಿದ್ದರೆ ಮತ್ತೆ ಸಿಗುವುದಿಲ್ಲ. ಚೂರಿಯ ಜೊತೆ ಬೆರಳುದ್ದದ ಫೆರೋ ಕಡ್ಡಿ ಇಟ್ಟುಕೊಳ್ಳಿ, ಒದ್ದೆಯಾದರೂ ಒರೆಸಿ ಗೀರಿದರೆ ಕಿಡಿ ಹಾರುತ್ತದೆ. ಗೀರುವುದು ಗರಗಸದ ಬೆನ್ನಿನಿಂದ, ಅದರ ಅಂಚು ಚೌಕವಾಗಿರಬೇಕು. ಮಳೆ ಬಂದಾಗಲೆಲ್ಲ ಚೂರಿ ಬಿಚ್ಚಿ ಸಿಹಿನೀರಲ್ಲಿ ತೊಳೆದು, ಒಣಗಿದ ಕೊಬ್ಬರಿ ಚೂರನ್ನು ಕೀಲಿಗೂ ಅಲಗಿಗೂ ತಿಕ್ಕಿದರೆ ಆ ಜಿಡ್ಡೇ ಎಣ್ಣೆ. ಲಕ್ಷದ್ವೀಪದ ಅಗತ್ತಿಗೆ ವಿಮಾನದಲ್ಲಿ ಹೋಗುವವರು ಇದನ್ನು ಚೆಕ್-ಇನ್ ಬ್ಯಾಗಿಗೇ ಹಾಕಬೇಕು, ಕೈಚೀಲದಲ್ಲಿ ಬಿಡುವುದಿಲ್ಲ. ಹಡಗಿನಲ್ಲಿ ಹೋಗುವವರು ಪ್ಯಾಂಟಿನ ಜೇಬಿಗೆ ಹಾಕಿ, ದಾರದ ಇನ್ನೊಂದು ತುದಿಯನ್ನು ಬೆಲ್ಟಿನ ಕುಣಿಕೆಗೆ ಬಿಗಿಯಲಿ.