ಗೆಳೆಯರ ಬೇಸಿಗೆ ಟ್ರಿಪ್: ದುಡ್ಡಿನ ಮಾತು ಮೊದಲೇ ಆಡಿ

ಡಿಗ್ರಿ ಮುಗಿದ ಮೇಲೂ ನಾವು ಆರು ಜನ ಪ್ರತಿ ಬೇಸಿಗೆ ಬೆಂಗಳೂರಿಂದ ಗೋಕರ್ಣಕ್ಕೆ ಹೋಗ್ತೀವಿ. ಇಂಥ ಟ್ರಿಪ್‌ನಿಂದ ಯಾರಾದ್ರೂ ಹಿಂದೆ ಸರಿದಾಗ "ರಜೆ ಸಿಗ್ಲಿಲ್ಲ ಮಗಾ" ಅಂತಾರೆ. ಎಷ್ಟೋ ಸಲ ನಿಜವಾದ ಕಾರಣ ದುಡ್ಡು.

ಅದಕ್ಕೇ ನಾವು ಬಜೆಟ್ಟನ್ನ ಗ್ರೂಪಲ್ಲಿ ಕೇಳಲ್ಲ. ಒಬ್ಬೊಬ್ಬರಿಗೂ ಬೇರೆಯಾಗಿ ಮೆಸೇಜ್ ಮಾಡ್ತೀವಿ. ಬಂದ ಅತಿ ಕಡಿಮೆ ಮೊತ್ತವೇ ಫೈನಲ್. ಅದು ಯಾರದ್ದು ಅಂತ ಹೇಳಲ್ಲ. ಈ ವರ್ಷ 3,000 ರೂಪಾಯಿ ಬಂತು, ಎಸಿ ರೂಮು ಬಿಟ್ವಿ ಅಷ್ಟೇ.

ಇನ್ನು ರೈಲು. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ ಅವಧಿ 120 ದಿನದಿಂದ 60ಕ್ಕೆ ಇಳಿದಿದೆ. ಮೇ 10ಕ್ಕೆ ಹೊರಡೋದಾದ್ರೆ ಮಾರ್ಚ್ 11ರ ಬೆಳಿಗ್ಗೆ 8ಕ್ಕೇ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಗೋಕರ್ಣ ರೋಡ್‌ಗೆ ಟಿಕೆಟ್ ಮಾಡಿ. ಒಂದು ಟಿಕೆಟ್‌ನಲ್ಲಿ ಆರು ಜನಕ್ಕೆ ಅವಕಾಶ ಇದೆ.

ಕೊನೆಗೆ ಲೆಕ್ಕ. ಒಟ್ಟು ಖರ್ಚು 18,000, ತಲಾ 3,000 ಅಂದ್ಕೊಳ್ಳಿ. ಒಬ್ಬ 9,000 ಕೊಟ್ಟಿದ್ದಾನೆ, ಇನ್ನೊಬ್ಬ 6,000, ಮತ್ತೊಬ್ಬ 3,000. ಉಳಿದ ಮೂವರು ಏನೂ ಕೊಟ್ಟಿಲ್ಲ. ಪ್ರತಿ ಚಹಾ, ಆಟೋ ಬಿಲ್ಲಿಗೂ ಬೇರೆ ಬೇರೆ ಯುಪಿಐ ಮಾಡೋದು ಬೇಡ. ಕೊಟ್ಟಿದ್ದರಲ್ಲಿ ತಲಾ ಪಾಲು ಕಳೀರಿ. ಮೊದಲನೆಯವನಿಗೆ 6,000 ಬರಬೇಕು, ಎರಡನೆಯವನಿಗೆ 3,000. ಮೂರನೆಯವನ ಲೆಕ್ಕ ಚುಕ್ತಾ. ಉಳಿದ ಮೂವರಲ್ಲಿ ಇಬ್ಬರು ಮೊದಲನೆಯವನಿಗೆ, ಒಬ್ಬ ಎರಡನೆಯವನಿಗೆ ತಲಾ 3,000 ಹಾಕಿದ್ರೆ ಮುಗೀತು. ಮೂರೇ ಪೇಮೆಂಟ್. ವಾಪಸ್ ಬರೋ ರೈಲಲ್ಲೇ ಮಾಡಿ ಮುಗಿಸಿ.

ನಿಮ್ಮ ಗ್ರೂಪಲ್ಲಿ ಟ್ರಿಪ್ ಮಾತು ಬಂದಾಗ ಸುಮ್ಮನಾಗೋರು ಯಾರು? ಇವತ್ತೇ ಅವರಿಗೊಂದು ಫೋನ್ ಮಾಡಿ.